ಸಂಕೇತನ ಎಡಮಂಡಿ

ಮಡಗಾಂವ್
13 ಅಕ್ಟೋಬರ್ 2024

ಗೋವಿಂದರಾಯರೇ,

ನಿಮ್ಮ ಹುಡುಗ ನಿನ್ನೆ ಗೋಲು ಹೊಡೆದ! ನಮ್ಮ ಹುಡುಗ ಎಂದು ಬರೆಯಬೇಕಿತ್ತು. ಆದರೆ ಕನ್ಹಾನಿನ ಮೈದಾನದಿಂದ ಆ ಪುಟ್ಟ ಸಂಕೇತನನ್ನು ನಾಗಪುರದ ನನ್ನ ಶಾಲೆಗೆ ಎಳೆದು ತಂದವರು ನೀವು. "ಟೀಚರ್, ಇವಗ ಆಟ ಕಲಿಸ್ರಿ, ಪಾಠ ಆಮ್ಯಾಲೆ ನೋಡೋಣು" ಎಂದವರೂ ನೀವೇ. ಅದಕ್ಕೇ ಗೋಲು ಹೊಡೆದ ದಿನ ಅವನು ನಿಮ್ಮ ಹುಡುಗ, ತಪ್ಪಿಸಿದ ದಿನ ನನ್ನವನು.

ಇಲ್ಲಿಯ ಕ್ಲಬ್ಬು ಮಾಂಡೋವಿ ರೋವರ್ಸ್ ಸೇರಿದ ಮೇಲೆ ಇದೇ ಅವನ ಮೊದಲ ಗೋಲು. ಪಂದ್ಯವೇನೋ ಸೋತೆವು. ಆದರೂ ಇಲ್ಲಿಯ ಜನ ಅವನನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಎಂದರೆ, ಚೆಂಡು ಅವನ ಕಾಲಿಗೆ ಬಂದರೆ ಸಾಕು, ಇಡೀ ಗ್ಯಾಲರಿ ಎದ್ದು ನಿಂತು ಕೈ ಬೀಸುತ್ತಿತ್ತು. ನನ್ನ ಕಿವಿ ಪೂರ್ತಿ ಹೋಗಿ ಎರಡು ವರ್ಷವಾಯಿತು, ಹೋದರೆ ಹೋಗಲಿ, ಕಣ್ಣಿದೆಯಲ್ಲ. ಪಕ್ಕದ ಮುದುಕರೊಬ್ಬರು ಕುರ್ಚಿಯ ಮೇಲೆ ಹತ್ತಿ ಕೂಗುತ್ತಿದ್ದರು. ನನಗೆ ಅಳುವೇ ಬಂತು.

ಫೋನು ಕೇಳಿಸುವುದಿಲ್ಲ, ಅದರ ಮೇಲೆ ಬೆರಳೊತ್ತಿ ಬರೆಯುವ ತಾಳ್ಮೆಯೂ ನನಗಿಲ್ಲ. ಆದ್ದರಿಂದ ಈ ಕಾಗದ. ನೀವು ಪಂದ್ಯ ನೋಡಿದಿರಾ? ಎರಡನೇ ಅರ್ಧದಲ್ಲಿ ಎಡಗಾಲಿನ ಮೇಲೆ ಗಿರಕಿ ಹೊಡೆದನಲ್ಲ, ಅದನ್ನು ಕಲಿಸಿದ್ದು ನಾನು. ಇದನ್ನು ಆ ನಿಮ್ಮ ಚಹಾ ಟಪರಿಯಲ್ಲಿ ನಾಲ್ಕು ಜನರಿಗೆ ಹೇಳಿ.

ಹೇಮಲತಾ


ಬಜಾಜ್ ನಗರ, ನಾಗಪುರ
21 ಅಕ್ಟೋಬರ್ 2024

ಟೀಚರ್,

ನೋಡದೆ ಬಿಡುತ್ತೇನೆಯೇ? ಮಗ ವಿಜಯೇಂದ್ರ ಆಫೀಸಿನಿಂದ ಬಂದವನು ಲ್ಯಾಪ್‌ಟಾಪು ತೆರೆದು ಕೊಟ್ಟ. ಗೋಲು ಬಿದ್ದಾಗ ನಾನು ಹಾರಿದ ಹಾರಾಟಕ್ಕೆ ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು. ಜನರ ಗದ್ದಲವೋ, ಅಬ್ಬಬ್ಬಾ, ಕೇಳಬಾರದು. ನೀವು ಬರೆದದ್ದು ಬರೋಬರ್ ಇದೆ. ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ ಗೋವೆಯ ಜನ ಒಂದೇ ದನಿಯಲ್ಲಿ ಕೂಗುತ್ತಿದ್ದರು. ನೀವು ಕಂಡದ್ದೇ ನಿಜ ಎಂದು ತಿಳಿಯಿರಿ.

ಇಲ್ಲಿ ಮಾತ್ರ ಜನ ಅವನ ಮೇಲೆ ಹಲ್ಲು ಕಡಿಯುತ್ತಿದ್ದಾರೆ. ನಮ್ಮ ಊರಿನ ತಂಡ ಆರೆಂಜ್ ವಾಂಡರರ್ಸನ್ನು ಬಿಟ್ಟು ಹೋದನಲ್ಲ ಎಂಬ ಸಿಟ್ಟು. ಮೈದಾನದ ಮುಂದಿನ ಟಪರಿಯಲ್ಲಿ ಭಾನುವಾರ ನಮ್ಮ ಕಚೇರಿ ಕೂಡುತ್ತದೆ, ನಿಮಗೆ ಗೊತ್ತು. ಆ ಗುಂಡಪ್ಪ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಬಾಯಿಗೆ ಬೀಗವೇ ಇಲ್ಲದಂತಾಗಿದ್ದಾನೆ. "ಅವಾ ನಮ್ಮ ಅನ್ನಾ ಉಂಡು ಅವರ ಮನಿ ಕಾಯಾಕ ಹೋದಾ" ಎನ್ನುತ್ತಾನೆ. ನಾನು ರೈಲ್ವೆಯಲ್ಲಿ ಮೂವತ್ತು ವರ್ಷ ಕೂಲಿಗಳ ಜೊತೆ ಜಗಳ ಆಡಿದವನು, ಬಿಡುತ್ತೇನೆಯೇ? ಒಬ್ಬನೇ ಹತ್ತು ಜನಕ್ಕೆ ಉತ್ತರ ಕೊಡುತ್ತೇನೆ. ಆದರೆ ಟೀಚರ್, ಒಬ್ಬನೇ ಎಷ್ಟು ಅಂತ ಕೂಗಲಿ? ತಂಗಿಯ ಮನೆಗೆಂದು ಗೋವೆಗೆ ಹೋಗುವ ಮೊದಲು ನೀವಿಲ್ಲಿದ್ದಾಗ ಒಂದು ಸೀಟಿ ಊದಿದರೆ ಎಲ್ಲರೂ ಗಪ್‌ಚಿಪ್ಪಾಗುತ್ತಿದ್ದರು.

ಗೋವಿಂದ


ಮಡಗಾಂವ್
17 ನವೆಂಬರ್ 2024

ಗೋವಿಂದರಾಯರೇ,

ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ.

ಸಂಕೇತ ಭಾನುವಾರ ಊಟಕ್ಕೆ ಬಂದಿದ್ದ. ಜನ ನಿನ್ನನ್ನು ಎಷ್ಟು ಮೆಚ್ಚುತ್ತಾರಪ್ಪಾ ಎಂದೆ. ಅವನು ಸಾರಿನ ಬಟ್ಟಲು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. ಆಮೇಲೆ ಒಂದು ಹಾಳೆಯಲ್ಲಿ ಬರೆದು ಕೊಟ್ಟ: "ಟೀಚರ್, ಅವರು ಬೈತಾರ್ರಿ. ವಾಪಸ್ ನಾಗಪುರಕ್ಕ ಹೋಗು ಅಂತಾರ." ಬರೆದು ತಾನೇ ನಕ್ಕ. ನಾನು ಅಷ್ಟು ದಿನ ಆ ಬೈಗುಳಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ, ತಿಳಿಯಿತೇ? ಅವನು ಮೈದಾನದಿಂದ ಅದನ್ನು ನೋಡುತ್ತಿದ್ದನಂತೆ.

ನಿಮಗೆ ಕೇಳಿಸುತ್ತಿತ್ತು. ನಿಮಗೆ ಎರಡೂ ಕಿವಿ ನೆಟ್ಟಗಿವೆ. ನನ್ನ ಮನಸ್ಸು ನೋಯಬಾರದೆಂದು ಮುಚ್ಚಿಟ್ಟಿರಿ, ಗೊತ್ತು. ಆದರೆ ಕಿವುಡಿಗೆ ಸುಳ್ಳು ಹೇಳುವುದು ಕುರುಡನ ದಾರಿಯಲ್ಲಿ ಕಲ್ಲಿಟ್ಟ ಹಾಗೆ. ಇನ್ನು ಮುಂದೆ ನಮ್ಮಿಬ್ಬರ ನಡುವೆ ಮುಚ್ಚುಮರೆ ಕೂಡದು. ನಾನೂ ನಿಮ್ಮಿಂದ ಏನೂ ಮುಚ್ಚಿಡುವುದಿಲ್ಲ. ಒಪ್ಪಿದರೆ ಬರೆಯಿರಿ, ಇಲ್ಲವಾದರೆ ಇದೇ ಕೊನೆಯ ಕಾಗದ.

ಹೇಮಲತಾ


ನಾಗಪುರ
25 ನವೆಂಬರ್ 2024

ಟೀಚರ್,

ತಪ್ಪಾಯಿತು. ಕಾನ್ ಪಕಡ್ ಅಂತಾರಲ್ಲ, ಹಾಗೆ ಎರಡೂ ಕಿವಿ ಹಿಡಿದು ಬರೆಯುತ್ತಿದ್ದೇನೆ, ಪೆನ್ನು ಬಾಯಿಯಲ್ಲಿದೆ. ನಿಮ್ಮ ಕರಾರು ಒಪ್ಪಿದೆ. ಇನ್ನು ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ. ನೀವು ಕಾಗದ ನಿಲ್ಲಿಸಿದರೆ ನಾನು ಕನ್ನಡದಲ್ಲಿ ಯಾರೊಡನೆ ಜಗಳವಾಡಲಿ? ಮಗನಿಗೆ ಅಕ್ಷರವೇ ಸರಿಯಾಗಿ ಓದಲು ಬರುವುದಿಲ್ಲ.

ಗೋವಿಂದ


ಮಡಗಾಂವ್
8 ಡಿಸೆಂಬರ್ 2024

ಗೋವಿಂದರಾಯರೇ,

ಕರಾರಿನ ಪ್ರಕಾರ ಬರೆಯುತ್ತಿದ್ದೇನೆ. ಓದಿ ಹೊಟ್ಟೆಯಲ್ಲಿಟ್ಟುಕೊಳ್ಳಿ.

ಸಂಕೇತನ ಎಡಮಂಡಿ ಕೆಟ್ಟಿದೆ. ಪಂದ್ಯ ಮುಗಿದ ಮರುದಿನ ಮಂಡಿ ಬನ್ನಿನ ಹಾಗೆ ಊದಿರುತ್ತದೆ. ಕ್ಲಬ್ಬಿನ ಫಿಸಿಯೋ ಧನುಶ್ರೀ ಎಂಬ ಬೆಳಗಾವಿಯ ಹುಡುಗಿ, ಭಾನುವಾರ ನಮ್ಮ ಮನೆಗೇ ಬಂದು ಐಸು ಇಟ್ಟು ಪಟ್ಟಿ ಕಟ್ಟಿ ಹೋಗುತ್ತಾಳೆ. ಕ್ಲಬ್ಬಿಗೆ ವರದಿ ಮಾಡಬೇಕಾದದ್ದು ಅವಳ ಕೆಲಸ, ಮಾಡಿಲ್ಲ. ಇವನು ಕೈಮುಗಿದು ಬೇಡಿಕೊಂಡಿದ್ದಾನೆ. ಮಾರ್ಚಿನಲ್ಲಿ ಮುಂದಿನ ಎರಡು ವರ್ಷಕ್ಕೆ ಇವನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ತೀರ್ಮಾನವಾಗುತ್ತದೆ. ಮಂಡಿಯ ಸುದ್ದಿ ತಿಳಿದರೆ ನಾಳೆಯೇ ಬಿಟ್ಟಾರು. ಅಲ್ಲಿಯವರೆಗೆ ಆ ಕಾಲನ್ನು ಉಳಿಸಿಕೊಂಡು ಆಡಿದರೆ ಆಮೇಲೆ ಆಪರೇಷನ್ ಮಾಡಿಸಿಕೊಂಡು ಸರಿಹೋಗುತ್ತಾನೆ ಎಂದು ಧನುಶ್ರೀ ಬರೆದು ತೋರಿಸಿದಳು. ಒಂದು ಕೆಟ್ಟ ಪೆಟ್ಟು ಬಿದ್ದರೆ ಮಾತ್ರ ಆಟವೇ ಮುಗಿದ ಹಾಗೆ.

ಯಾರಿಗೂ ಹೇಳುವುದಿಲ್ಲ ಎಂದು ಅವನು ನನ್ನಿಂದ ಆಣೆ ಹಾಕಿಸಿಕೊಂಡ. ನಿಮಗೆ ಬರೆದೆ. ನಿಮಗೆ ಹೇಳುವುದು ಇನ್ನೊಬ್ಬರಿಗೆ ಹೇಳಿದ ಹಾಗಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಜನವರಿಯಲ್ಲಿ ಕಪ್ ಪಂದ್ಯಕ್ಕೆ ರೋವರ್ಸ್ ನಾಗಪುರಕ್ಕೇ ಬರುತ್ತದೆ, ನಿಮ್ಮ ವಾಂಡರರ್ಸ್ ಎದುರು. ಹುಡುಗ ಹಗಲೂ ಇರುಳೂ ಅದೇ ಧ್ಯಾನದಲ್ಲಿದ್ದಾನೆ.

ಹೇಮಲತಾ


ನಾಗಪುರ
24 ಡಿಸೆಂಬರ್ 2024

ಟೀಚರ್,

ಓದಿದೆ. ಎರಡು ದಿನ ಊಟ ಸೇರಲಿಲ್ಲ. ಅಂಥ ಕಾಲಿಟ್ಟುಕೊಂಡು ಏಳು ಗೋಲು! ಗಂಡು ಅಂದರೆ ಅವನು. ಮಂಡಿಯ ವಿಷಯದಲ್ಲಿ ನೀವು ನಿಶ್ಚಿಂತರಾಗಿರಿ.

ಮೊನ್ನೆ ಭಾನುವಾರ ಟಪರಿಯಲ್ಲಿ ದೊಡ್ಡ ಕದನವೇ ಆಯಿತು. ಚಳಿಗೆ ಎಲ್ಲರೂ ಮಫ್ಲರ್ ಸುತ್ತಿಕೊಂಡು ಕೂತಿದ್ದೆವು. ಗುಂಡಪ್ಪ ಶುರುಮಾಡಿದ: "ನಿಮ್ಮ ಸಂಕೇತ ಮುಗದಾನ್ರಿ ಗೋವಿಂದಣ್ಣ. ಮೊದಲ ಪ್ರತಿ ಚೆಂಡಿಗೂ ಓಡತಿದ್ದ, ಈಗ ಸಾಹೇಬ ಆಗ್ಯಾನ. ಮೈಗಳ್ಳ." ಎಲ್ಲರೂ ಹೋ ಎಂದು ನಕ್ಕರು. ಮೈಗಳ್ಳ ಎಂದರು ಟೀಚರ್, ನಮ್ಮ ಸಂಕೇತನನ್ನು! ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಎದ್ದು ನಿಂತು ಎರಡೇ ಮಾತಾಡಿದೆ. ಎಲ್ಲರ ಬಾಯಿ ಬಂದ್. ಗುಂಡಪ್ಪನ ಮುಖ ನೋಡಬೇಕಿತ್ತು ನೀವು, ಇಂಗು ತಿಂದ ಮಂಗ. ತಾನೇ ಎದ್ದು ನನಗೆ ಚಹಾ ತಂದುಕೊಟ್ಟ. ಈ ಸೀಸನ್ನಿನಲ್ಲಿ ಮೊದಲ ಸಲ ಗೆದ್ದು ಮನೆಗೆ ಬಂದೆ.

ಪಂದ್ಯದ ದಿನ ಲಕ್ಷ್ಮವ್ವನನ್ನು ಕನ್ಹಾನಿನಿಂದ ನಾನೇ ಕರೆದುಕೊಂಡು ಬರುತ್ತೇನೆ. ಮಗನ ಆಟವನ್ನು ತಾಯಿ ಮುಂದಿನ ಸಾಲಿನಲ್ಲಿ ಕೂತು ನೋಡಲಿ.

ಗೋವಿಂದ


ನಾಗಪುರ
15 ಜನವರಿ 2025

ಟೀಚರ್,

ನಿಮಗೆ ಅಲ್ಲಿ ಸುದ್ದಿ ತಿಳಿದೇ ಇರುತ್ತದೆ.

ಬಿಸಿಲು ಚೆನ್ನಾಗಿತ್ತು. ಜನ ತುಂಬ ಇದ್ದರು. ಮೈದಾನಕ್ಕೆ ಹೊಸ ಹುಲ್ಲು ಹಾಕಿಸಿದ್ದಾರೆ. ಸಂಕೇತ ಒಳಗೆ ಬಂದಾಗ ಕೆಲವರು ಬೈದರು, ಹೆಚ್ಚಿನವರು ಚಪ್ಪಾಳೆ ತಟ್ಟಿದರು, ಇದನ್ನು ಕೇಳಿದ ಹಾಗೇ ಬರೆಯುತ್ತಿದ್ದೇನೆ. ಅರ್ಧ ಗಂಟೆಯೂ ಆಗಿರಲಿಲ್ಲ, ವಾಂಡರರ್ಸಿನ ಹಿಂದಿನ ಸಾಲಿನ ಸ್ಟಾಪರ್ ಅವನ ಮೇಲೆ ಬಿದ್ದ. ಅದಕ್ಕೂ ಮೊದಲು ಎರಡು ಸಲ ಬಿದ್ದಿದ್ದ. ಮೂರು ಸಲವೂ ಎಡಗಾಲಿಗೇ.

ಲಿಗಮೆಂಟು ಹರಿದಿದೆ ಎಂದರು. ಇಲ್ಲಿಯೇ ಆಪರೇಷನ್ ಆಯಿತು. ಇನ್ನು ಕೆಲವು ದಿನಕ್ಕೆ ಕನ್ಹಾನಿಗೆ ಮನೆಗೆ ಕರೆದುಕೊಂಡು ಹೋಗುತ್ತಾರೆ. ಮುಂದೆ ಆಡುತ್ತಾನೋ ಇಲ್ಲವೋ, ಡಾಕ್ಟರು ಬಾಯಿ ಬಿಡಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಲಕ್ಷ್ಮವ್ವನ ಪಕ್ಕದಲ್ಲಿ ಸಂಜೆಯವರೆಗೆ ಕೂತಿದ್ದೆ. ಅವಳು ನನ್ನ ಕೈ ಹಿಡಿದುಕೊಂಡು, "ನೀವೊಬ್ಬರು ಇದ್ದೀರಿ ಅಂತ ಧೈರ್ಯ ನೋಡ್ರಿ ಅಣ್ಣಾ" ಎಂದಳು. ನನಗೆ ಮೈ ಸರಿಯಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ.

ಗೋವಿಂದ


ಮಡಗಾಂವ್
27 ಜನವರಿ 2025

ಗೋವಿಂದರಾಯರೇ,

ನಿಮ್ಮ ಸಂಕಟ ಕಾಗದದಲ್ಲೇ ಕಂಡಿತು. ಮೈ ನೋಡಿಕೊಳ್ಳಿ. ಆ ಹುಡುಗನಿಗೆ ಈಗ ನೀವಲ್ಲದೆ ಯಾರಿದ್ದಾರೆ?

ಇಲ್ಲಿ ಒಂದು ಹೊಲಸು ಸಂಗತಿ ಹೊರಬಿದ್ದಿದೆ. ಪಂದ್ಯ ಮುಗಿದ ಮೇಲೆ ವಾಂಡರರ್ಸಿನ ಹುಡುಗರು ನಮ್ಮ ಹುಡುಗರ ಮುಂದೆಯೇ, "ಅವನ ಎಡಮಂಡಿ ಹಾಳಾಗಿದೆ ಎಂದು ನಮಗೆ ಮೊದಲೇ ಗೊತ್ತಿತ್ತು" ಎಂದು ಕೊಚ್ಚಿಕೊಂಡರಂತೆ. ಯಾರು ಹೇಳಿದರು? ರೋವರ್ಸಿನ ಮ್ಯಾನೇಜರು ನಮ್ಮ ಮನೆಗೆ ಬಂದು ಹಾಳೆಯ ಮೇಲೆ ಪ್ರಶ್ನೆ ಬರೆದು ಮುಂದಿಟ್ಟರು: ಈ ವಿಷಯ ಯಾರು ಯಾರಿಗೆ ತಿಳಿದಿತ್ತು? ನಾನು ಇದ್ದದ್ದು ಇದ್ದ ಹಾಗೆ ಬರೆದೆ. ಸಂಕೇತನಿಗೆ, ನನಗೆ, ಧನುಶ್ರೀಗೆ.

ಮರುದಿನವೇ ಧನುಶ್ರೀಯನ್ನು ಕೆಲಸದಿಂದ ತೆಗೆದರು. ತೆಗೆಯಲಿ. ಮಂಡಿ ಮುಟ್ಟಿದ ಕೈಯಿಂದಲೇ ಸುದ್ದಿ ಮಾರಿದಳಲ್ಲ! ಅವಳು ನಮ್ಮ ಮನೆಗೆ ಓಡಿಬಂದು ಬಾಗಿಲಲ್ಲಿ ನಿಂತು ಅಳುತ್ತಾ ಏನೇನೋ ಹೇಳಿದಳು. ನನಗೆ ಕೇಳಿಸುವುದಿಲ್ಲ ಎಂಬುದು ಅವಳಿಗೆ ಆ ಹೊತ್ತಿಗೆ ನೆನಪಿರಲಿಲ್ಲ. ನಾನು ಬಾಗಿಲು ಹಾಕಿಕೊಂಡೆ. ಇನ್ನು ಯಾವ ಕ್ಲಬ್ಬೂ ಅವಳನ್ನು ಸೇರಿಸುವುದಿಲ್ಲವಂತೆ.

ನಿಮಗೂ ತಿಳಿದಿತ್ತು ಎಂಬುದು ಮ್ಯಾನೇಜರು ಹೋದ ಮೇಲೆ ನೆನಪಾಯಿತು. ನಗು ಬಂತು. ನಿಮ್ಮನ್ನು ನಾನು ಬೇರೆಯವರ ಲೆಕ್ಕದಲ್ಲಿ ಹಿಡಿದೇ ಇರಲಿಲ್ಲ.

ಸಂಕೇತನನ್ನು ವಾರಕ್ಕೆರಡು ಸಲವಾದರೂ ನೋಡಿ ಬರುತ್ತಿರಿ.

ಹೇಮಲತಾ


ಮಡಗಾಂವ್
20 ಫೆಬ್ರವರಿ 2025

ಗೋವಿಂದರಾಯರೇ,

ಕಾಗದವಿಲ್ಲ. ನಿಮಗೇನಾದರೂ ಆಯಿತೋ ಎಂದು ಹೆದರಿ ನನ್ನ ತಂಗಿಯಿಂದ ಸಂಕೇತನಿಗೆ ಮೆಸೇಜು ಹಾಕಿಸಿದೆ. "ಗೋವಿಂದ ಕಾಕಾ ಆಸ್ಪತ್ರಿ ಆದ ಮ್ಯಾಲೆ ಬಂದೇ ಇಲ್ರಿ" ಎಂದು ಉತ್ತರ ಬಂತು. ಏನಾಗಿದೆ ನಿಮಗೆ?

ಹೇಮಲತಾ


ನಾಗಪುರ
2 ಮಾರ್ಚ್ 2025

ಟೀಚರ್,

ಸುದ್ದಿ ಹೇಳಿದವನು ನಾನು.

ಇದನ್ನು ಬರೆಯಲು ಜನವರಿಯಿಂದ ಕೂತಿದ್ದೇನೆ. ಪ್ರತಿಸಲ ಹವೆಯ ಬಗ್ಗೆ ನಾಲ್ಕು ಸಾಲು ಬರೆದು ಹರಿದು ಹಾಕಿದೆ. ಆ ಭಾನುವಾರ ಟಪರಿಯಲ್ಲಿ ಎದ್ದು ನಿಂತು ಎರಡು ಮಾತಾಡಿದೆ ಎಂದು ಹೆಮ್ಮೆಯಿಂದ ಬರೆದಿದ್ದೆನಲ್ಲ, ಆ ಮಾತುಗಳು ಇವು: "ಮೈಗಳ್ಳ ಅಂತೀರೇನ್ರೋ? ಅವನ ಎಡಮಂಡಿ ಬಾತು ಬನ್ನಾಗೈತಿ. ಆ ಕಾಲ ಮ್ಯಾಲೆ ಏಳು ಗೋಲು ಹೊಡದಾನ. ನಿಮಗ ಅಂಥಾ ಕಾಲಾಗ ಮನಿ ಮೆಟ್ಟಲ ಹತ್ತಾಕ ಆಗ್ತೈತೇನು?"

ಅಷ್ಟೇ ಆಗಿದ್ದರೆ ಬಾಯಿ ಜಾರಿತು ಎನ್ನಬಹುದಿತ್ತು. ನಿಮ್ಮ ಕರಾರು ಇದೆ, ಪೂರ್ತಿ ಬರೆಯುತ್ತೇನೆ. ಮೂಲೆಯ ಬೆಂಚಿನಲ್ಲಿ ವಾಂಡರರ್ಸಿನ ಸಹಾಯಕ ಕೋಚು ಚಹಾದಲ್ಲಿ ಟೋಸ್ಟು ಅದ್ದಿಕೊಂಡು ತಿನ್ನುತ್ತಿದ್ದ. ನಾನು ಅವನನ್ನು ನೋಡಿದ್ದೆ. ನೋಡಿಯೂ ಹೇಳಿದೆ. ಗುಂಡಪ್ಪನ ಮಾತಿಗೆ ಅವನೂ ನಕ್ಕಿದ್ದ, ಆದ್ದರಿಂದ ಅವನಿಗೂ ಕೇಳಲಿ ಎಂದು ದನಿ ಏರಿಸಿಯೇ ಹೇಳಿದೆ. ಇಡೀ ಟಪರಿ ಸುಮ್ಮನಾಯಿತಲ್ಲ, ಆ ಒಂದು ಗಳಿಗೆಯ ಸುಖಕ್ಕೆ ನನಗೆ ಬೇರೇನೂ ಕಾಣಲಿಲ್ಲ.

ಪಂದ್ಯದ ದಿನ ಮೊದಲ ಸಲ ಸ್ಟಾಪರು ಎಡಗಾಲಿಗೆ ಬಿದ್ದಾಗಲೇ ನನಗೆ ತಿಳಿಯಿತು. ಪಕ್ಕದಲ್ಲಿ ಲಕ್ಷ್ಮವ್ವ ಕೂತಿದ್ದಳು. ಎದ್ದು ಮೈದಾನದ ಅಂಚಿಗೆ ಓಡಿ ಕೂಗಬೇಕಿತ್ತು, ಅವನನ್ನು ಹೊರಗೆ ಕರೆಯಿರಿ ಎನ್ನಬೇಕಿತ್ತು. ಕೂಗುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎನ್ನುವವನು ಬಾಯಿ ಹೊಲಿದುಕೊಂಡು ಕೂತೆ. ಕೂಗಿದರೆ ಹೇಗೆ ಗೊತ್ತು ಎಂದು ಕೇಳುತ್ತಾರಲ್ಲ ಎಂದು. ಸ್ಟ್ರೆಚರಿನ ಹಿಂದೆ ಹೋಗುವಾಗ ಆ ಕೋಚು ನನ್ನ ಹೆಗಲು ತಟ್ಟಿ, "ಕಾಕಾ, ಭಾನುವಾರ ಚಹಾ ನಮ್ಮ ಕಡೆಯಿಂದ" ಎಂದು ಮರಾಠಿಯಲ್ಲಿ ಹೇಳಿದ.

ಧನುಶ್ರೀಯ ವಿಷಯ ಓದಿ ಒಂದು ತಿಂಗಳಾಗುತ್ತ ಬಂತು. ಆ ಮಗುವಿನ ಅನ್ನಕ್ಕೆ ಕಲ್ಲು ಹಾಕಿ ಸುಮ್ಮನೆ ಕೂತೆ. ಯಾರೂ ನನ್ನನ್ನು ಲೆಕ್ಕಕ್ಕೆ ಹಿಡಿದಿಲ್ಲ, ತಪ್ಪಿಸಿಕೊಂಡೆ ಎಂದು ಒಂದು ದಿನ ಸಮಾಧಾನವೂ ಆಗಿತ್ತು. ಅದನ್ನೂ ಬರೆದಿದ್ದೇನೆ. ಈ ಕಾಗದವನ್ನು ನಿಮ್ಮ ಮ್ಯಾನೇಜರಿಗೆ ಕೊಡಿ. ಅವರಿಗೆ ಕನ್ನಡ ಬಾರದಿದ್ದರೆ ಹಿಂದಿಯಲ್ಲಿ ಬರೆದು ಸಹಿ ಮಾಡಿದ್ದನ್ನೂ ಇದರೊಳಗೆ ಇಟ್ಟಿದ್ದೇನೆ.

ಗೋವಿಂದ


ಮಡಗಾಂವ್
10 ಮಾರ್ಚ್ 2025

ಗೋವಿಂದರಾಯರೇ,

ನಿಮ್ಮ ಹಿಂದಿ ಕಾಗದವನ್ನು ಮ್ಯಾನೇಜರಿಗೆ ಕೊಟ್ಟು ಬಂದೆ. ಅವರು ಓದಿದರು. ಗಾಯ ಮುಚ್ಚಿಟ್ಟದ್ದು ತಪ್ಪೇ ಆದ್ದರಿಂದ ಕೆಲಸ ವಾಪಸು ಕೊಡುವುದಿಲ್ಲ, ಆದರೆ ಸುದ್ದಿ ಮಾರಿದವಳಲ್ಲ ಎಂದು ಬರೆದು ಕೊಡುತ್ತೇವೆ ಎಂದು ಹಾಳೆಯಲ್ಲಿ ಬರೆದು ತೋರಿಸಿದರು. ಅಷ್ಟರಿಂದ ಬೇರೆಡೆ ಕೆಲಸ ಸಿಕ್ಕೀತು. ಸಂಕೇತನ ಕರಾರು ಮುಗಿಯಿತು, ಮುಂದುವರಿಸುವುದಿಲ್ಲ.

ಧನುಶ್ರೀಯ ಕೋಣೆಗೆ ಹೋದೆ. ಬಟ್ಟೆ ಕಟ್ಟುತ್ತಿದ್ದಳು. ಕೈ ಹಿಡಿದುಕೊಂಡು ತಪ್ಪಾಯಿತು ಎಂದೆ. ಅವಳು ಏನೋ ಹೇಳಿದಳು. ತುಟಿ ಓದಲಾಗಲಿಲ್ಲ. ಬರೆದು ಕೊಡು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆಣೆ ಮೊದಲು ಮುರಿದವಳು ನಾನು. ಆದ್ದರಿಂದ ನಿಮ್ಮನ್ನು ಬೈಯುವ ಬಾಯಿ ನನಗಿಲ್ಲ. ಕ್ಷಮಿಸುವ ಅಧಿಕಾರವೂ ನನ್ನದಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ನನಗೆ ಬರೆದು ಒಪ್ಪಿಕೊಂಡಿರಿ, ನಾನು ಸಾವಿರ ಕಿಲೋಮೀಟರು ಆಚೆ ಇರುವ ಕಿವುಡಿ. ಸಂಕೇತನಿಗೆ ನಾನು ಏನೂ ತಿಳಿಸಿಲ್ಲ. ಕನ್ಹಾನು ನಿಮ್ಮ ಮನೆಯಿಂದ ಒಂದು ಬಸ್ಸಿನ ದಾರಿ. ಹೋಗಿ, ಅವನೆದುರು ಕೂತು ಬಾಯಿಬಿಟ್ಟು ಹೇಳಿ.

ಹೇಮಲತಾ


ನಾಗಪುರ
18 ಮಾರ್ಚ್ 2025

ಟೀಚರ್,

ಹೋಗಿದ್ದೆ.

ಲಕ್ಷ್ಮವ್ವ ಬಾಗಿಲಲ್ಲೇ ತಡೆದು, "ಇಷ್ಟ ದಿನ ಎಲ್ಲಿ ಹೋಗಿದ್ರಿ ಅಣ್ಣಾ, ನಿಮ್ಮ ಹುಡುಗ ದಾರಿ ನೋಡಿ ನೋಡಿ ಸಾಕಾದಾ" ಎಂದು ಬೈದಳು. ನೀರು ಕೊಟ್ಟಳು, ಪೋಹೆಗೆ ಈರುಳ್ಳಿ ಹೆಚ್ಚಲು ಕೂತಳು. ಸಂಕೇತ ಮಂಚದ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ಎಡಗಾಲು ಒಣಗಿ ಬಲಗಾಲಿನ ಅರ್ಧ ಆಗಿದೆ. ನನ್ನನ್ನು ನೋಡಿ ಎದ್ದು ನಿಲ್ಲಲು ಹೋದ. ಬೇಡ ಎಂದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಒಂದೂ ಬರಲಿಲ್ಲ. "ನಿನ್ನ ಮಂಡಿ ಸುದ್ದಿ ಅವರಿಗೆ ಹೇಳಿದಾಂವ ನಾನಪಾ" ಎಂದೆ. ಆಮೇಲೆ ಟಪರಿ, ಗುಂಡಪ್ಪ, ಮೂಲೆಯ ಕೋಚು, ಎಲ್ಲ ಹೇಳಿದೆ. ಒಳಗೆ ಈರುಳ್ಳಿ ಹೆಚ್ಚುವ ಸದ್ದು ನಿಂತಿತು. ಲಕ್ಷ್ಮವ್ವ ಹೊರಗೆ ಬರಲಿಲ್ಲ.

ನನ್ನ ಮಾತು ಮುಗಿದ ಮೇಲೆ ಸಂಕೇತ ಮೊದಲು ಫೋನು ತೆಗೆದುಕೊಂಡು ಧನುಶ್ರೀಗೆ ಹಚ್ಚಿದ. ಅವಳು ಎತ್ತಲಿಲ್ಲ. ಮತ್ತೆ ಹಚ್ಚಿದ. ಮೂರನೆಯ ಸಲ ಎತ್ತಿದಳು. "ಧನು, ನಾ ತಪ್ಪು ತಿಳಕೊಂಡಿದ್ದೆ, ನನ್ನ ಬೈ" ಎಂದ. ಅವಳು ಬೈದಳೆಂದು ಕಾಣುತ್ತದೆ, ಬಹಳ ಹೊತ್ತು ಫೋನು ಕಿವಿಗೆ ಹಿಡಿದುಕೊಂಡು ಹೂಂ ಹೂಂ ಎನ್ನುತ್ತಾ ಕೂತಿದ್ದ.

ಫೋನು ಇಟ್ಟ ಮೇಲೆ ಇನ್ನು ನನ್ನ ಸರದಿ ಎಂದು ತಿಳಿದೆ. ಹೊಡೆದರೂ ಹೊಡೆಯಲಿ ಎಂದು ಕುರ್ಚಿ ಹತ್ತಿರ ಎಳೆದುಕೊಂಡೆ. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ತನ್ನ ಮಂಡಿಯ ಮೇಲೆ ಕೈಯಿಟ್ಟುಕೊಂಡು, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ:

"ಅವತ್ತ ವಾದದಾಗ ಯಾರು ಗೆದ್ರಿ, ಕಾಕಾ?"

ನಾನು, "ನಾನ ಗೆದ್ದೆ" ಎಂದೆ.

"ಹೋಗ್ಲಿ ಬಿಡ್ರಿ," ಎಂದ. "ಯಾರರೆ ಒಬ್ಬರು ಗೆದ್ರಲ್ಲ."

ಗೋವಿಂದ